ಸರ್ವರ್ ಕೀಲಿಕೈ ಯಾರ್ ಯಾರ ಹತ್ರ ಇರ್ಬೇಕು?

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಆಫೀಸ್ ಸರ್ವರ್ ಪರ್ಮಿಶನ್ ಬಗ್ಗೆನೇ ಇದ್ವು, ಅದಕ್ಕೆ ಮಿಕ್ಕ ಪ್ರಶ್ನೆಗಳನ್ನ ಮುಂದಿನ ಸಲಕ್ಕೆ ಎತ್ತಿಟ್ಟು ಇವನ್ನಷ್ಟೇ ತಗೊಂಡಿದೀನಿ. ಕಮಾಂಡ್ ಹೆಸರುಗಳೆಲ್ಲ ಕನ್ನಡ ಅಕ್ಷರದಲ್ಲೇ ಇವೆ, ಟೈಪ್ ಮಾಡೋವಾಗ ಇಂಗ್ಲಿಷಲ್ಲಿ ಮಾಡ್ಕೊಳ್ಳಿ. ಹೆಸರು ಹಾಕ್ಬೇಡಿ ಅಂತ ಸುಮಾರು ಜನ ಕೇಳಿದ್ರಿಂದ ಯಾರ ಹೆಸರೂ ಹಾಕಿಲ್ಲ.

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಹದಿನಾಲ್ಕು ಜನರ ಆಫೀಸು. ಒಂದು ಲಿನಕ್ಸ್ ಸರ್ವರ್ ಇದೆ, ಸಾಂಬಾ (ಲಿನಕ್ಸ್ ಫೋಲ್ಡರನ್ನ ವಿಂಡೋಸಿಗೆ ಹಂಚೋ ಸಾಫ್ಟ್‌ವೇರ್) ಹಾಕಿ ಎಲ್ಲರ ವಿಂಡೋಸ್ ಕಂಪ್ಯೂಟರಿಗೂ ಒಂದೇ ಷೇರ್ಡ್ ಫೋಲ್ಡರ್ ಕೊಟ್ಟಿದಾರೆ, ಲಾಗಿನ್ ಕೂಡ ಎಲ್ಲರಿಗೂ ಒಂದೇ. ಸೆಟಪ್ ಮಾಡಿದವರು 777, ಅಂದ್ರೆ ಎಲ್ಲರಿಗೂ ಎಲ್ಲಾ ಹಕ್ಕು, ಕೊಟ್ಟು ಹೋಗಿದಾರೆ. ಹೋದ ತಿಂಗಳು ಅಕೌಂಟ್ಸ್ ಫೋಲ್ಡರ್ ಇದ್ದಕ್ಕಿದ್ದ ಹಾಗೆ ಮಾಯ ಆಯ್ತು, ಎರಡು ದಿನ ಹುಡುಕಿದ ಮೇಲೆ ಡಿಸೈನ್ ಫೋಲ್ಡರ್ ಒಳಗೆ ಸಿಕ್ತು, ಯಾರೋ ಮೌಸಲ್ಲಿ ಎಳೆದುಬಿಟ್ಟಿದಾರೆ. ಸಂಬಳದ ಶೀಟನ್ನೂ ಯಾರು ಬೇಕಾದ್ರೂ ತೆಗೆದು ಓದಬಹುದು. ನಾನು ಅಕೌಂಟ್ಸ್ ನೋಡೋಳು, ಕಂಪ್ಯೂಟರ್ ಸ್ವಲ್ಪ ಗೊತ್ತಿದೆ ಅಂತ ಇದನ್ನೂ ನನ್ನ ತಲೆಗೆ ಕಟ್ಟಿದಾರೆ. ಎಲ್ಲಿಂದ ಶುರು ಮಾಡ್ಲಿ?

ಉತ್ತರ: ಮೇಡಂ, ಮೊದಲು ಆ ಮಾಯವಾದ ಫೋಲ್ಡರ್ ವಿಷಯ, ಯಾಕಂದ್ರೆ ಅದು ಅರ್ಥ ಆದ್ರೆ ಮಿಕ್ಕಿದ್ದು ಸಲೀಸು. ಲಿನಕ್ಸಲ್ಲಿ ಒಂದು ಫೈಲನ್ನೋ ಫೋಲ್ಡರನ್ನೋ ಅಳಿಸೋಕೆ, ಹೆಸರು ಬದಲಾಯಿಸೋಕೆ, ಬೇರೆ ಕಡೆ ಸಾಗಿಸೋಕೆ ಬೇಕಾಗೋದು ಅದರ ಮೇಲಿನ ಪರ್ಮಿಶನ್ ಅಂತ ಎಲ್ರೂ ಅಂದ್ಕೋತಾರೆ, ಆದ್ರೆ ಸಿಸ್ಟಮ್ ನೋಡೋದು ಅದು ಯಾವ ಫೋಲ್ಡರ್ ಒಳಗಿದೆಯೋ ಆ ಮೇಲಿನ ಫೋಲ್ಡರಲ್ಲಿ ನಿಮಗೆ ರೈಟ್, ಅಂದ್ರೆ ಬರೆಯೋ ಹಕ್ಕು, ಇದೆಯಾ ಅಂತ. ನಿಮ್ಮಲ್ಲಿ ಮೇಲಿನ ಫೋಲ್ಡರಿಗೂ 777 ಇದೆ, ಅಂದ್ರೆ ಯಾರು ಬೇಕಾದ್ರೂ ಯಾವ ವಿಭಾಗದ ಫೋಲ್ಡರನ್ನ ಬೇಕಾದ್ರೂ ಎಳಕೊಂಡು ಹೋಗಬಹುದು. ಅದಕ್ಕೆ ಮೊದಲ ಕೆಲಸ, ಆ ಮೇಲಿನ ಫೋಲ್ಡರನ್ನ ರೂಟ್ (ಸರ್ವರಿನ ಎಲ್ಲಾ ಹಕ್ಕೂ ಇರೋ ಅಡ್ಮಿನ್ ಅಕೌಂಟ್) ಹೆಸರಿಗೆ ಮಾಡಿ 755 ಕೊಡಿ. ಇನ್ಮೇಲೆ ಎಲ್ರೂ ಒಳಗೆ ಬರಬಹುದು, ಏನೇನಿದೆ ಅಂತ ನೋಡಬಹುದು, ಅಕೌಂಟ್ಸ್, ಡಿಸೈನ್ ಅಂತ ಇರೋ ಫೋಲ್ಡರುಗಳನ್ನ ಮಾತ್ರ ಜರುಗಿಸೋಕಾಗಲ್ಲ. ಇವತ್ತು ಸಂಜೆ ಇದೊಂದನ್ನ ಮಾಡಿದ್ರೂ ಅರ್ಧ ತಲೆನೋವು ಹೋಯ್ತು.

ಆಮೇಲೆ ಕಂಪ್ಯೂಟರ್ ಬಿಟ್ಟು ಒಂದು ಹಾಳೆ ತಗೊಳ್ಳಿ. ಎಡಗಡೆ ಫೋಲ್ಡರುಗಳು, ಮೇಲ್ಗಡೆ ಕೆಲಸಗಳು, ಅಂದ್ರೆ ಅಕೌಂಟ್ಸು, ಡಿಸೈನು, ಮಾರಾಟ, ಆಡಳಿತ ಹೀಗೆ. ಜನರ ಹೆಸರು ಬರೀಬೇಡಿ. ಇದನ್ನ ಒತ್ತಿ ಹೇಳ್ತೀನಿ ಯಾಕಂದ್ರೆ ಎಲ್ಲರೂ ಎಡವೋದು ಇಲ್ಲೇ, ಇವರಿಗೆ ಅದು ಕೊಡಣ ಅವರಿಗೆ ಇದು ಕೊಡಣ ಅಂತ ಒಬ್ಬೊಬ್ಬರಿಗೇ ಕೊಡ್ತಾ ಹೋಗ್ತಾರೆ, ಆರು ತಿಂಗಳಾದ ಮೇಲೆ ಯಾರಿಗೆ ಏನು ಕೊಟ್ಟಿದೀವಿ ಅಂತ ಕೊಟ್ಟವರಿಗೇ ಗೊತ್ತಿರಲ್ಲ. ಒಂದೊಂದು ಕೆಲಸಕ್ಕೆ ಒಂದೊಂದು ಗ್ರೂಪ್, ಫೋಲ್ಡರಿಗೆ ಪರ್ಮಿಶನ್ ಕೊಡೋದು ಗ್ರೂಪಿಗೆ, ಜನ ಗ್ರೂಪಿಗೆ ಬರ್ತಾರೆ ಹೋಗ್ತಾರೆ. ಹದಿನಾಲ್ಕು ಜನಕ್ಕೆ ನಾಲ್ಕೈದು ಗ್ರೂಪ್ ಸಾಕು.

ಈಗ ಅಂಕಿ. ಓದೋಕೆ 4, ಬರೆಯೋಕೆ 2, ಎಕ್ಸಿಕ್ಯೂಟ್ 1. ಫೋಲ್ಡರ್ ವಿಷಯದಲ್ಲಿ ಆ 1 ಅಂದ್ರೆ ಒಳಗೆ ಕಾಲಿಡೋ ಹಕ್ಕು. ಮೊದಲ ಅಂಕಿ ಓನರಿಗೆ, ಎರಡನೇದು ಗ್ರೂಪಿಗೆ, ಮೂರನೇದು ಊರಿನವರಿಗೆಲ್ಲ. ಅಕೌಂಟ್ಸ್ ಫೋಲ್ಡರಿಗೆ ಅಕೌಂಟ್ಸ್ ಗ್ರೂಪ್ ಹಾಕಿ 2770 ಕೊಡಿ. ಹಿಂದಿರೋ 770 ಗೊತ್ತಾಯ್ತು, ಓನರಿಗೆ ಗ್ರೂಪಿಗೆ ಪೂರ್ತಿ, ಬೇರೆಯವರಿಗೆ ಸೊನ್ನೆ. ಮುಂದಿರೋ 2 ಅನ್ನೋದು ಸೆಟ್‌ಜಿಐಡಿ, ಒಳಗೆ ಯಾರೇ ಹೊಸ ಫೈಲ್ ಮಾಡಿದ್ರೂ ಅದರ ಗ್ರೂಪ್ ಫೋಲ್ಡರಿನ ಗ್ರೂಪೇ ಆಗತ್ತೆ. ಇದನ್ನ ಮರೆತ್ರೆ ನೀವು ಮಾಡಿದ ಫೈಲ್ ನಿಮ್ಮ ಸ್ವಂತ ಗ್ರೂಪಿಗೆ ಸೇರ್ಕೊಂಡು ಪಕ್ಕದ ಸೀಟಿನವರಿಗೆ ತೆರೆಯೋಕಾಗಲ್ಲ, ಆಗ ಅವರು ಬಂದು ಕೂಗಾಡ್ತಾರೆ, ನೀವು ಬೇಜಾರಾಗಿ ಮತ್ತೆ 777 ಕೊಡ್ತೀರ. ಎಷ್ಟೋ ಆಫೀಸಲ್ಲಿ 777 ಬಂದು ಕೂತಿರೋ ಕಥೆನೇ ಇದು.

ಹಳೇ ಫೈಲುಗಳಿಗೂ ಒಟ್ಟಿಗೆ ಪರ್ಮಿಶನ್ ಬದಲಾಯಿಸೋವಾಗ ಹುಷಾರು, ಆ ಕೆಲಸ ಮಾಡೋ ಕಮಾಂಡು ಸಿಎಚ್‌ಮಾಡ್. ಸಿಎಚ್‌ಮಾಡಿಗೆ ದೊಡ್ಡ ಆರ್ ಹಾಕಿ 770 ಅಂತ ಕೊಟ್ರೆ ಪ್ರತಿಯೊಂದು ಎಕ್ಸೆಲ್ ಶೀಟೂ ಓಡಿಸಬಹುದಾದ ಪ್ರೋಗ್ರಾಂ ಅಂತ ಗುರುತು ಬೀಳತ್ತೆ. ಅಂಕಿ ಬದಲು ಅಕ್ಷರದಲ್ಲಿ ಕೊಡಿ, ಎಕ್ಸ್ ಅನ್ನೋದನ್ನ ದೊಡ್ಡಕ್ಷರದಲ್ಲಿ ಹಾಕಿದ್ರೆ ಅದು ಫೋಲ್ಡರುಗಳಿಗೂ, ಮೊದಲೇ ಎಕ್ಸಿಕ್ಯೂಟ್ ಇದ್ದ ಫೈಲುಗಳಿಗೂ ಮಾತ್ರ ಬೀಳತ್ತೆ. ನಿಮ್ಮಲ್ಲಿ 777 ಇದ್ದಿದ್ರಿಂದ ಮೊದಲು ಫೈಲುಗಳನ್ನಷ್ಟೇ ಫೈಂಡ್ ಕಮಾಂಡಲ್ಲಿ ಹುಡುಕಿ 660 ಮಾಡ್ಕೊಂಡುಬಿಡಿ, ಫೋಲ್ಡರುಗಳನ್ನ ಬೇರೆಯಾಗಿ 2770.

ಸಾಂಬಾ ಕಡೆ ಎಲ್ಲರಿಗೂ ಒಂದೇ ಲಾಗಿನ್ ಇರೋದನ್ನ ಮೊದಲು ನಿಲ್ಸಿ. ಯಾರು ಎಳೆದಿದ್ದು ಅಂತ ಗೊತ್ತಾಗ್ಬೇಕು ಅಂದ್ರೆ ಸಾಂಬಾದಲ್ಲೇ ಫುಲ್ ಆಡಿಟ್ ಅಂತ ಒಂದು ಮಾಡ್ಯೂಲ್ ಇದೆ, ಆದ್ರೆ ಹದಿನಾಲ್ಕೂ ಜನ ಒಂದೇ ಹೆಸರಲ್ಲಿ ಬಂದ್ರೆ ಲಾಗಲ್ಲಿ ಆ ಒಂದೇ ಹೆಸರು ಹದಿನಾಲ್ಕು ಸಲ ಇರತ್ತೆ ಅಷ್ಟೆ. ಪ್ರತಿ ಷೇರಿಗೂ ವ್ಯಾಲಿಡ್ ಯೂಸರ್ಸ್ ಅನ್ನೋ ಸಾಲಲ್ಲಿ ಗ್ರೂಪಿನ ಹೆಸರು ಹಾಕಿ, ಹೆಸರಿಗೆ ಮುಂಚೆ ಒಂದು ಅಟ್ ಗುರುತು ಇರ್ಬೇಕು. ಹೊಸ ಫೈಲು, ಫೋಲ್ಡರುಗಳಿಗೆ ಸಿಗೋ ಹಕ್ಕಿನ ಮಿತಿನೂ ಹಾಕಿ, ಕ್ರಿಯೇಟ್ ಮಾಸ್ಕ್ 0660, ಡೈರೆಕ್ಟರಿ ಮಾಸ್ಕ್ 2770. ಕ್ರಿಯೇಟ್ ಮಾಸ್ಕ್ ಏನೂ ಹಾಕದೇ ಇದ್ರೆ ಅದು 0744 ಅಂತ ಇರತ್ತೆ, ಅಂದ್ರೆ ಗ್ರೂಪಿನವರು ಓದಬಹುದು, ತಿದ್ದೋಕಾಗಲ್ಲ. ಸಂಬಳದ ಶೀಟಿಗೆ ಬೇರೆ ಫೋಲ್ಡರ್, ಬೇರೆ ಗ್ರೂಪ್, ಬೇರೆ ಷೇರ್. ಬದಲಾಯಿಸಿದ ಮೇಲೆ ಟೆಸ್ಟ್‌ಪಾರ್ಮ್ ಓಡಿಸಿ ತಪ್ಪಿದ್ಯಾ ನೋಡ್ಕೊಳ್ಳಿ.

ಕೊನೇಲಿ ಒಂದು, ಡಿಸೈನಿನವರ ಹೆಸರಲ್ಲಿ ನೀವೇ ಲಾಗಿನ್ ಆಗಿ ಸಂಬಳದ ಶೀಟ್ ತೆಗೆಯೋಕೆ ನೋಡಿ. ಸರ್ವರಲ್ಲೇ ಆದ್ರೆ ಸುಡೊಗೆ (ಬೇರೆಯವರ ಹಕ್ಕಲ್ಲಿ ಕೆಲಸ ಓಡಿಸೋ ಕಮಾಂಡ್) ಹೈಫನ್ ಯು ಹಾಕಿ ಅವರ ಹೆಸರು ಕೊಟ್ರೆ ಅವರಾಗಿ ಕಮಾಂಡ್ ಓಡಿಸಬಹುದು. ಅಡ್ಮಿನ್ ಅಕೌಂಟಲ್ಲಿ ಕೂತು ಎಲ್ಲಾ ತೆರೀತಿದೆ ಸರಿ ಇದೆ ಅನ್ನೋದು ಪರೀಕ್ಷೆ ಅಲ್ಲ.

ಪ್ರಶ್ನೆ: ಸರ್, ಹೊಸಬರೊಬ್ಬರನ್ನ ಗ್ರೂಪಿಗೆ ಸೇರಿಸಿದೆ, ಆದ್ರೂ ಪರ್ಮಿಶನ್ ಡಿನೈಡ್ ಅಂತಾನೇ ಬರ್ತಿದೆ. ಎರಡು ಸಲ ಸೇರಿಸಿದ್ರೂ ಅಷ್ಟೇ. ಏನ್ ತಪ್ಪು?

ಉತ್ತರ: ತಪ್ಪೇನಿಲ್ಲ, ಅವರನ್ನ ಲಾಗೌಟ್ ಆಗಿ ಮತ್ತೆ ಬರೋಕೆ ಹೇಳಿ. ಯಾವ ಯಾವ ಗ್ರೂಪಲ್ಲಿ ಇದಾರೆ ಅನ್ನೋ ಪಟ್ಟಿ ಲಾಗಿನ್ ಆಗೋ ಹೊತ್ತಲ್ಲೇ ಸಿಗೋದು, ನಡುವೆ ಬದಲಾಯಿಸಿದ್ರೆ ಓಡ್ತಿರೋ ಸೆಷನ್ನಿಗೆ ಗೊತ್ತಾಗಲ್ಲ. ವಿಂಡೋಸಲ್ಲೂ ಇದೇ ಕಥೆ. ತೆಗೆದುಹಾಕೋವಾಗಲೂ ಇದನ್ನ ನೆನಪಿಡಿ, ಗ್ರೂಪಿಂದ ತೆಗೆದ್ರಿ ಅಂತ ಆ ಕ್ಷಣವೇ ಬಾಗಿಲು ಮುಚ್ಚಲ್ಲ, ಅವರ ಹಳೇ ಸೆಷನ್ ಇರೋ ತನಕ ಹಳೇ ಹಕ್ಕು ನಡೀತಾನೇ ಇರತ್ತೆ.

ಎರಡು ಸಲ ಸೇರಿಸಿದೆ ಅಂದ್ರಲ್ಲ, ಹೇಗೆ ಸೇರಿಸಿದ್ರಿ ಅಂತ ಒಂದ್ಸಲ ನೋಡ್ಕೊಳ್ಳಿ. ಯೂಸರ್‌ಮಾಡ್ ಕಮಾಂಡಲ್ಲಿ ಸಣ್ಣ ಎ ದೊಡ್ಡ ಜಿ ಎರಡೂ ಇರ್ಬೇಕು. ಸಣ್ಣ ಎ ಬಿಟ್ಟು ಬರೀ ದೊಡ್ಡ ಜಿ ಹಾಕಿದ್ರೆ ಹೊಸ ಗ್ರೂಪಿಗೆ ಸೇರಿಸತ್ತೆ, ಜೊತೆಗೆ ಆ ಮನುಷ್ಯ ಇದ್ದ ಬೇರೆ ಹೆಚ್ಚುವರಿ ಗ್ರೂಪುಗಳಿಂದೆಲ್ಲ ಕಿತ್ತುಹಾಕತ್ತೆ, ಒಂದು ಮಾತೂ ಕೇಳಲ್ಲ. ನಾನೇ ಒಂದ್ಸಲ ನನ್ನ ಹೆಸರನ್ನ ಪ್ರಿಂಟರ್ ಗ್ರೂಪಿಗೆ ಸೇರಿಸೋಕೆ ಹೋಗಿ ಅಡ್ಮಿನ್ ಹಕ್ಕು ಕೊಡೋ ಸುಡೊ ಗ್ರೂಪಿಂದ ನನ್ನನ್ನೇ ಆಚೆ ಹಾಕ್ಕೊಂಡಿದ್ದೆ, ಅದೂ ಸಂಜೆ ಎಲ್ರೂ ಮನೆಗೆ ಹೋದ ಮೇಲೆ, ರೂಟ್ ಪಾಸ್‌ವರ್ಡ್ ಇಲ್ಲದ ಮಿಷನ್ನಲ್ಲಿ. ರಿಕವರಿ ಮೋಡಿಗೆ ಹೋಗಿ ಸರಿ ಮಾಡೋವಷ್ಟರಲ್ಲಿ ರಾತ್ರಿ ಆಗಿತ್ತು. ಐಡಿ ಅಂತ ಟೈಪ್ ಮಾಡಿ ಮುಂದೆ ಯೂಸರ್ ಹೆಸರು ಕೊಡಿ, ಈಗ ಯಾವ ಯಾವ ಗ್ರೂಪ್ ಉಳಿದಿದೆ ಅಂತ ಕಾಣತ್ತೆ.

ಪ್ರಶ್ನೆ: ನಮ್ಮಲ್ಲಿ ವಿಂಡೋಸ್ ಸರ್ವರ್. ಷೇರಿಂಗ್ ಅನ್ನೋ ಟ್ಯಾಬಲ್ಲೂ ಪರ್ಮಿಶನ್ ಇದೆ, ಸೆಕ್ಯೂರಿಟಿ ಟ್ಯಾಬಲ್ಲೂ ಇದೆ. ಯಾವುದು ನಿಜ? ಮತ್ತೆ ಒಂದು ವಿಚಿತ್ರ, ಮ್ಯಾನೇಜರ್ ಫೋಲ್ಡರಿಂದ ಎಲ್ಲರ ಫೋಲ್ಡರಿಗೆ ಎಳೆದು ಹಾಕಿದ ಫೈಲು ಯಾರಿಗೂ ತೆರೀತಿಲ್ಲ.

ಉತ್ತರ: ಎರಡೂ ನಿಜ. ನೆಟ್‌ವರ್ಕಿಂದ ಬರೋವರಿಗೆ ಎರಡು ಬಾಗಿಲು, ಎರಡರಲ್ಲಿ ಯಾವುದು ಹೆಚ್ಚು ಬಿಗಿಯೋ ಅದೇ ನಡೆಯೋದು. ಷೇರಿಂಗಲ್ಲಿ ರೀಡ್ ಅಂತಿದ್ರೆ ಸೆಕ್ಯೂರಿಟಿಲಿ ಏನೇ ಕೊಟ್ರೂ ಬರೆಯೋಕಾಗಲ್ಲ. ಎರಡು ಕಡೆನೂ ತಿದ್ದೋಕೆ ಹೋಗಿ ತಲೆ ಕೆಡಿಸ್ಕೋಬೇಡಿ, ಷೇರಿಂಗಲ್ಲಿ ಲಾಗಿನ್ ಆದವರಿಗೆಲ್ಲ ಚೇಂಜ್ ಕೊಟ್ಟು ನಿಜವಾದ ಕಟ್ಟುನಿಟ್ಟನ್ನ ಸೆಕ್ಯೂರಿಟಿ ಟ್ಯಾಬಲ್ಲೇ, ಅಂದ್ರೆ ಎನ್‌ಟಿಎಫ್‌ಎಸ್ ಪರ್ಮಿಶನ್ನಲ್ಲೇ ಮಾಡಿ. ಸರ್ವರ್ ಮುಂದೆನೇ ಕೂತು ಕೆಲಸ ಮಾಡೋವರಿಗೆ ಷೇರಿಂಗ್ ಬಾಗಿಲು ಇರೋದೇ ಇಲ್ಲ ನೋಡಿ.

ಅಲ್ಲಿ ಫುಲ್ ಕಂಟ್ರೋಲ್ ಅನ್ನೋದನ್ನ ಸಲೀಸಾಗಿ ಟಿಕ್ ಮಾಡ್ಬೇಡಿ. ದಿನದ ಕೆಲಸಕ್ಕೆ ಮಾಡಿಫೈ ಸಾಕು, ಓದಬಹುದು ಬರೀಬಹುದು ಅಳಿಸಬಹುದು. ಫುಲ್ ಕಂಟ್ರೋಲಲ್ಲಿ ಜಾಸ್ತಿ ಸಿಗೋದು ಪರ್ಮಿಶನ್ನನ್ನೇ ಬದಲಾಯಿಸೋ ಹಕ್ಕು ಮತ್ತೆ ಓನರ್ ಆಗೋ ಹಕ್ಕು, ಅಂದ್ರೆ ನೀವು ಹಾಕಿದ ಬೀಗನ ಅವರೇ ತೆಗೀಬಹುದು. ಡಿನೈ ಕೂಡ ಆದಷ್ಟು ಮುಟ್ಟಬೇಡಿ. ಒಬ್ಬರು ಎರಡು ಗ್ರೂಪಲ್ಲಿದ್ದು ಒಂದರಲ್ಲಿ ಡಿನೈ ಬಿದ್ರೆ ಇನ್ನೊಂದರಲ್ಲಿ ಕೊಟ್ಟಿದ್ದು ಸಾಮಾನ್ಯವಾಗಿ ನಡೆಯಲ್ಲ, ಎವ್ರಿವನ್ ಗ್ರೂಪಿಗೆ ಡಿನೈ ಹಾಕಿ ತಮ್ಮನ್ನೂ ಸೇರಿಸಿ ಎಲ್ಲರನ್ನೂ ಆಚೆ ನಿಲ್ಲಿಸಿದವರು ಕಮ್ಮಿ ಇಲ್ಲ. ಕೊಡಬಾರದು ಅಂದ್ರೆ ಕೊಡದೇ ಇದ್ರೆ ಆಯ್ತು.

ಆ ವಿಚಿತ್ರದ ಕಾರಣ ಏನಂದ್ರೆ, ಒಂದೇ ಡ್ರೈವ್ ಒಳಗೆ ಎಳೆದು ಹಾಕಿದ ಫೈಲು ತನ್ನ ಹಳೇ ಪರ್ಮಿಶನ್ನನ್ನ ಹೊತ್ಕೊಂಡೇ ಬರತ್ತೆ, ಕಾಪಿ ಮಾಡಿ ಪೇಸ್ಟ್ ಮಾಡಿದ್ದು ಹೊಸ ಫೈಲು, ಅದು ಹೊಸ ಫೋಲ್ಡರಿನ ಪರ್ಮಿಶನ್ ತಗೊಳತ್ತೆ. ಉಲ್ಟಾನೂ ಆಗತ್ತೆ, ಎಲ್ಲರ ಫೋಲ್ಡರಿಂದ ಗುಟ್ಟಿನ ಫೋಲ್ಡರಿಗೆ ಎಳೆದ್ರೆ ಫೈಲ್ ಮಾತ್ರ ಎಲ್ಲರಿಗೂ ತೆರೆದೇ ಇರತ್ತೆ, ಇದು ಯಾರ ಕಣ್ಣಿಗೂ ಬೀಳಲ್ಲ ಅನ್ನೋದೇ ಭಯ. ಲಿನಕ್ಸಲ್ಲೂ ಹೀಗೇನೇ, ಮೂವ್ ಮಾಡಿದ ಫೈಲಿಗೆ ಸೆಟ್‌ಜಿಐಡಿ ಅನ್ವಯ ಆಗಲ್ಲ. ಯಾರಿಗೆ ಕಡೆಗೂ ಏನು ಸಿಕ್ಕಿದೆ ಅಂತ ನೋಡೋಕೆ ಸೆಕ್ಯೂರಿಟಿ ಟ್ಯಾಬಲ್ಲಿ ಅಡ್ವಾನ್ಸ್ಡ್ ಒತ್ತಿ ಎಫೆಕ್ಟಿವ್ ಆಕ್ಸೆಸ್ ಅಂತ ಇದೆ, ಹೆಸರು ಕೊಟ್ರೆ ತೋರಿಸತ್ತೆ.

ಪ್ರಶ್ನೆ: ನಮ್ಮ ಬಾಸ್‌ಗೆ ಎಲ್ಲದಕ್ಕೂ ಫುಲ್ ಪರ್ಮಿಶನ್ ಬೇಕಂತೆ. ನನ್ನ ಆಫೀಸು ನನ್ನ ಸರ್ವರು, ನನಗೇ ಬೀಗನಾ ಅಂತಾರೆ. ಅಡ್ಮಿನ್ ಮಾಡಿಬಿಡ್ಲಾ? ಹೇಗೆ ಹೇಳೋದು ಅಂತ ಗೊತ್ತಾಗ್ತಿಲ್ಲ.

ಉತ್ತರ: ಅವರು ಹೇಳೋದು ಸರಿನೇ, ಆಫೀಸು ಅವರದ್ದೇ. ಆದ್ರೆ ಹಕ್ಕು ಇರೋದು ಬೇರೆ, ದಿನಾ ಇಮೇಲ್ ನೋಡೋ ಅಕೌಂಟಿಗೆ ಆ ಹಕ್ಕನ್ನ ಅಂಟಿಸೋದು ಬೇರೆ. ರಾನ್ಸಮ್‌ವೇರ್, ಅಂದ್ರೆ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳೋ ವೈರಸ್, ಒಳಗೆ ಬಂದ್ರೆ ಯಾರ ಅಕೌಂಟಲ್ಲಿ ಓಡತ್ತೋ ಅವರ ಪರ್ಮಿಶನ್ನೇ ಅದರ ಪರ್ಮಿಶನ್ನು. ಡಿಸೈನಿನವರು ಕೆಟ್ಟ ಅಟ್ಯಾಚ್‌ಮೆಂಟ್ ಒತ್ತಿದ್ರೆ ಡಿಸೈನ್ ಫೋಲ್ಡರ್ ಹೋಗತ್ತೆ, ಎಲ್ಲಾ ಕಡೆ ರೈಟ್ ಇರೋ ಬಾಸ್ ಒತ್ತಿದ್ರೆ ಇಡೀ ಆಫೀಸು ಹೋಗತ್ತೆ. ಇದನ್ನ ಇದೇ ಮಾತಲ್ಲಿ ಅವರಿಗೆ ಹೇಳಿ ನೋಡಿ, ನಿಮ್ಮ ಮೇಲೆ ನಂಬಿಕೆ ಇಲ್ಲ ಅಂತಲ್ಲ ಸರ್, ನಿಮ್ಮ ಹೆಸರಲ್ಲಿ ಬರೋ ವೈರಸ್ ಮೇಲೆ ನಂಬಿಕೆ ಇಲ್ಲ ಅಂತ. ನಾನು ಹೇಳಿದ ಕಡೆ ಹೆಚ್ಚಿನವರು ಒಪ್ಕೊಂಡಿದಾರೆ. ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಹಕ್ಕು ಕೊಡಿ ಅನ್ನೋದು ನಾನು ಹುಟ್ಟಿಸಿದ ಮಾತೂ ಅಲ್ಲ, ಸಾಲ್ಟ್‌ಜರ್ ಮತ್ತು ಶ್ರೋಡರ್ ಅನ್ನೋರು 1975ರಲ್ಲೇ ತಮ್ಮ ಲೇಖನದಲ್ಲಿ ಇದನ್ನ ಒಂದು ತತ್ವ ಅಂತ ಬರೆದಿಟ್ಟಿದಾರೆ.

ಮಾಡೋದು ಹೀಗೆ. ಅವರ ದಿನದ ಅಕೌಂಟಿಗೆ ಎಲ್ಲಾ ಫೋಲ್ಡರಲ್ಲೂ ಓದೋ ಹಕ್ಕು, ಅವರದ್ದೇ ಫೋಲ್ಡರಲ್ಲಿ ಬರೆಯೋ ಹಕ್ಕು. ಲಿನಕ್ಸಲ್ಲಿ ಒಂದು ಫೋಲ್ಡರಿಗೆ ಒಂದೇ ಗ್ರೂಪ್ ಅನ್ನೋ ತೊಡಕು ಇರೋದ್ರಿಂದ ಇಲ್ಲಿ ಎಸಿಎಲ್, ಅಂದ್ರೆ ಹೆಚ್ಚುವರಿ ಪರ್ಮಿಶನ್ ಪಟ್ಟಿ, ಬೇಕಾಗತ್ತೆ, ಸೆಟ್‌ಎಫ್‌ಎಸಿಎಲ್ ಕಮಾಂಡಲ್ಲಿ ಎರಡನೇ ಗ್ರೂಪಿಗೆ ರೀಡ್ ಕೊಡಿ, ಹೊಸ ಫೈಲುಗಳಿಗೂ ಬರೋ ಹಾಗೆ ಡಿಫಾಲ್ಟ್ ಎಸಿಎಲ್ ಕೂಡ ಹಾಕಿ, ಸಾಂಬಾದ ವ್ಯಾಲಿಡ್ ಯೂಸರ್ಸಲ್ಲೂ ಆ ಗ್ರೂಪ್ ಸೇರಿಸಿ. ಎಸಿಎಲ್ ಹಾಕಿದ ಫೋಲ್ಡರ್ ಮೇಲೆ ಆಮೇಲೆ ಸಿಎಚ್‌ಮಾಡ್ ಮಾಡಿದ್ರೆ ನಡುವಿನ ಅಂಕಿ ಗ್ರೂಪ್ ಬದಲು ಮಾಸ್ಕನ್ನ, ಅಂದ್ರೆ ಎಸಿಎಲ್ ಹಕ್ಕುಗಳ ಗರಿಷ್ಠ ಮಿತಿನ, ಬದಲಾಯಿಸತ್ತೆ, ಗೊತ್ತಿಲ್ಲದೆ 700 ಅಂತ ಕೊಟ್ರೆ ಬಾಸ್‌ಗೆ ಕೊಟ್ಟಿದ್ದೂ ನಿಂತುಹೋಗತ್ತೆ. ಅಡ್ಮಿನ್ ಬೇಕೇ ಬೇಕು ಅಂದ್ರೆ ಎರಡನೇ ಅಕೌಂಟ್ ಮಾಡಿ, ಬೇರೆ ಹೆಸರು, ಬೇರೆ ಪಾಸ್‌ವರ್ಡ್, ಬೇಕಾದಾಗ ಮಾತ್ರ ಅದರಲ್ಲಿ ಬರಲಿ. ಪಾಸ್‌ವರ್ಡನ್ನ ಕವರಲ್ಲಿ ಹಾಕಿ ಅವರ ಕೈಲೇ ಕೊಡಿ. ಆ ಕವರ್ ಸಿಕ್ಕಿದ ಮೇಲೆ ಹೆಚ್ಚಿನ ಬಾಸ್‌ಗಳು ಅದನ್ನ ತೆಗೆಯೋದೇ ಇಲ್ಲ.

ಬ್ಯಾಕಪ್ ಇರೋ ಜಾಗಕ್ಕೆ ಮಾತ್ರ ಬಾಸ್ ಸೇರಿ ಯಾರ ದಿನದ ಅಕೌಂಟಿಗೂ ರೈಟ್ ಇರ್ಬಾರದು.

ಪ್ರಶ್ನೆ: ಪ್ರಿಂಟರ್ ಸರ್ವಿಸ್ ದಿನಾ ನಿಂತುಹೋಗತ್ತೆ. ರೀಸ್ಟಾರ್ಟ್ ಮಾಡೋಕೆ ನನ್ನನ್ನೇ ಕರೀತಾರೆ, ರಜೆಲಿದ್ರೂ ಬಿಡಲ್ಲ. ಇನ್ನೊಬ್ಬ ಹುಡುಗನಿಗೆ ಅದೊಂದೇ ಕೆಲಸಕ್ಕೆ ಸುಡೊ ಕೊಡಬಹುದಾ?

ಉತ್ತರ: ಕೊಡಬಹುದು, ಸುಡೊ ಇರೋದೇ ಇದಕ್ಕೆ. 1980ರ ಸುಮಾರಿಗೆ ಇದನ್ನ ಬರೆದಾಗಿನಿಂದಲೂ ರೂಟ್ ಪಾಸ್‌ವರ್ಡ್ ಹಂಚದೆ ರೂಟ್ ಕೆಲಸ ಮಾಡಿಸೋದೇ ಅದರ ಉದ್ದೇಶ, ನಾವು ಮಾತ್ರ ಕೇಳಿದವರನ್ನೆಲ್ಲ ಸುಡೊ ಗ್ರೂಪಿಗೆ ಸೇರಿಸಿ ಪೂರ್ತಿ ರೂಟ್ ಮಾಡಿಬಿಡ್ತೀವಿ. ಸುಡೊಅರ್ಸ್ ಡಾಟ್ ಡಿ ಅನ್ನೋ ಫೋಲ್ಡರಲ್ಲಿ ಒಂದು ಹೊಸ ಫೈಲ್ ಮಾಡಿ, ಆ ಹುಡುಗನ ಹೆಸರಿಗೆ ಸಿಸ್ಟಮ್‌ಸಿಟಿಎಲ್ ರೀಸ್ಟಾರ್ಟ್ ಕಪ್ಸ್ ಅನ್ನೋ ಒಂದೇ ಕಮಾಂಡ್ ಬರೀರಿ (ಕಪ್ಸ್ ಅಂದ್ರೆ ಪ್ರಿಂಟರ್ ಸರ್ವಿಸ್), ಸಿಸ್ಟಮ್‌ಸಿಟಿಎಲ್‌ನ ಪೂರ್ತಿ ದಾರಿ ಸಮೇತ. ಸ್ಟಾರ್ ಗುರುತು ಹಾಕ್ಬೇಡಿ. ತಿದ್ದೋದು ವಿಸುಡೊದಲ್ಲೇ, ಅದು ಸೇವ್ ಮಾಡೋಕೆ ಮುಂಚೆ ವ್ಯಾಕರಣ ಸರಿ ಇದ್ಯಾ ನೋಡತ್ತೆ, ಬೇರೆ ಎಡಿಟರಲ್ಲಿ ತಿದ್ದಿ ಒಂದು ತಪ್ಪು ಮಾಡಿದ್ರೆ ಸುಡೊನೇ ಕೆಲಸ ಮಾಡದೇ ಹೋಗಬಹುದು.

ನಾಳೆ ಅವನು ಕಾನ್ಫಿಗ್ ಫೈಲ್ ಒಂದನ್ನ ತಿದ್ದಬೇಕು ಸರ್ ಅಂತಾನೆ, ಆಗ ಸುಡೊದಲ್ಲಿ ವಿಐ ಎಡಿಟರ್ ಕೊಟ್ಟುಬಿಡ್ಬೇಡಿ. ವಿಐ ಒಳಗಿಂದಲೇ ಶೆಲ್, ಅಂದ್ರೆ ಕಮಾಂಡ್ ಕೊಡೋ ಜಾಗ, ತೆಗೀಬಹುದು, ರೂಟಾಗಿ ಓಡ್ತಿರೋ ವಿಐ ಒಳಗಿಂದ ತೆಗೆದ ಶೆಲ್ಲೂ ರೂಟೇ. ಫೈಲ್ ಓದೋ ಲೆಸ್ ಕಮಾಂಡ್ ಕೂಡ ಹಾಗೇ. ಬೇಲಿನೇ ಎದ್ದು ಹೊಲ ಮೇಯ್ದ ಹಾಗೆ. ಅದಕ್ಕೆ ಸುಡೊಎಡಿಟ್ ಇದೆ, ಎಡಿಟರ್ ಅವನ ಹಕ್ಕಲ್ಲೇ ಓಡತ್ತೆ. ಇನ್ನೊಂದು ಬಿಟ್ಟುಹೋಗ್ತಿತ್ತು, ಡಾಕರ್ (ಪ್ರೋಗ್ರಾಂಗಳನ್ನ ಕಂಟೇನರ್ ಅನ್ನೋ ಪ್ರತ್ಯೇಕ ಡಬ್ಬಿಲಿ ಓಡಿಸೋ ಸಾಫ್ಟ್‌ವೇರ್) ಗ್ರೂಪಿಗೆ ಸೇರಿಸೋದು ಅಂದ್ರೆ ರೂಟ್ ಕೊಟ್ಟ ಹಾಗೇನೆ, ಕಂಟೇನರಿಗೆ ಸರ್ವರಿನ ಇಡೀ ಡಿಸ್ಕನ್ನ ಸೇರಿಸ್ಕೊಂಡು ಒಳಗಿಂದ ಏನು ಬೇಕಾದ್ರೂ ಬರೀಬಹುದು.

ಪ್ರಿಂಟರ್ ದಿನಾ ಯಾಕೆ ನಿಲ್ಲತ್ತೆ ಅಂತನೂ ಯಾವಾಗಾದ್ರೂ ನೋಡಿ.

ಪ್ರಶ್ನೆ: ಹೊರಗಿನ ಡಿಸೈನರ್ ಒಬ್ಬರಿಗೆ ಒಂದೇ ಫೋಲ್ಡರಿಗೆ ಅಪ್‌ಲೋಡ್ ಮಾಡೋಕೆ ಬಿಡ್ಬೇಕು, ಬೇರೇನೂ ಕಾಣಬಾರದು. ಎಸ್‌ಎಫ್‌ಟಿಪಿಲಿ ಕ್ರೂಟ್ ಮಾಡಿದೆ, ಅಂದ್ರೆ ಅವರನ್ನ ಒಂದೇ ಫೋಲ್ಡರ್ ಒಳಗೆ ಕಟ್ಟಿಹಾಕಿದೆ, ಲಾಗಿನ್ ಆದ ತಕ್ಷಣ ಕಟ್ ಆಗ್ತಿದೆ.

ಉತ್ತರ: ಕ್ರೂಟ್ ಮಾಡಿದ ಫೋಲ್ಡರಿಗೆ ಅವರನ್ನೇ ಓನರ್ ಮಾಡಿದೀರ, ಅಲ್ವಾ? ಎಲ್ಲರೂ ಮಾಡೋ ತಪ್ಪು. ಕ್ರೂಟ್ ಡೈರೆಕ್ಟರಿ ಮತ್ತೆ ಅದರ ಮೇಲಿನ ದಾರಿಯೆಲ್ಲ ರೂಟ್ ಹೆಸರಲ್ಲಿರ್ಬೇಕು, ಬೇರೆ ಯಾರಿಗೂ ರೈಟ್ ಇರ್ಬಾರದು, ಇದ್ರೆ ಎಸ್‌ಎಸ್‌ಎಚ್ ಬಾಗಿಲಲ್ಲೇ ವಾಪಸ್ ಕಳಿಸತ್ತೆ. ಒಳಗೆ ಅಪ್‌ಲೋಡ್ ಅಂತ ಇನ್ನೊಂದು ಫೋಲ್ಡರ್ ಮಾಡಿ ಅದನ್ನ ಮಾತ್ರ ಅವರ ಹೆಸರಿಗೆ ಮಾಡಿ. ಫೋರ್ಸ್ ಕಮಾಂಡಲ್ಲಿ ಇಂಟರ್ನಲ್ ಎಸ್‌ಎಫ್‌ಟಿಪಿ ಅಂತ ಹಾಕಿ. ಈ ಕಾನ್ಫಿಗ್ ತಿದ್ದಿದ ಮೇಲೆ ಎಸ್‌ಎಸ್‌ಎಚ್‌ಡಿಗೆ ಹೈಫನ್ ಟಿ ಕೊಟ್ಟು ತಪ್ಪು ನೋಡ್ಕೊಂಡು ಆಮೇಲೆ ರೀಸ್ಟಾರ್ಟ್ ಮಾಡಿ, ಇನ್ನೊಂದು ವಿಂಡೋದಲ್ಲಿ ಹೊಸದಾಗಿ ಲಾಗಿನ್ ಆಗೋ ತನಕ ಈಗಿರೋ ಸೆಷನ್ ಮುಚ್ಚಬೇಡಿ.

ಪ್ರಶ್ನೆ: ಫೈಲಿಗೆ ಓದೋ ಹಕ್ಕು ಮಾತ್ರ ಕೊಟ್ಟು ಕಾಪಿ ಮಾಡೋಕಾಗದ ಹಾಗೆ ಮಾಡಬಹುದಾ?

ಉತ್ತರ: ಫೈಲ್ ಪರ್ಮಿಶನ್ನಿಂದ ಆಗಲ್ಲ. ಓದಬಹುದು ಅಂದ್ರೆ ಕಾಪಿ ಮಾಡಬಹುದು, ಕಾಪಿ ಮಾಡೋದು ಅಂದ್ರೇನೇ ಓದಿ ಬೇರೆ ಕಡೆ ಬರೆಯೋದು. ಏನಿಲ್ಲಾ ಅಂದ್ರೂ ಫೋನಲ್ಲಿ ಸ್ಕ್ರೀನಿನ ಫೋಟೋ ತೆಗೀತಾರೆ.

ಪ್ರಶ್ನೆ: ಸರ್, ಕೆಲಸ ಬಿಟ್ಟು ಹೋದವರ ಅಕೌಂಟ್ ಲಾಕ್ ಮಾಡಿದ್ದೆ. ಮೂರು ವಾರ ಆದ ಮೇಲೂ ಅವರ ಹೆಸರಲ್ಲಿ ಲಾಗಿನ್ ಆಗಿದ್ದು ಲಾಗಲ್ಲಿ ಕಾಣ್ತಿದೆ. ಹೇಗೆ ಸಾಧ್ಯ? ಪೂರ್ತಿ ಡಿಲೀಟ್ ಮಾಡಿಬಿಡ್ಲಾ?

ಉತ್ತರ: ಡಿಲೀಟ್ ಬೇಡ, ತಡೀರಿ. ನೀವು ಯೂಸರ್‌ಮಾಡ್ ದೊಡ್ಡ ಎಲ್ ಹಾಕಿ ಲಾಕ್ ಮಾಡಿರ್ತೀರ. ಅದು ಲಾಕ್ ಮಾಡೋದು ಪಾಸ್‌ವರ್ಡನ್ನ ಮಾತ್ರ, ಅವರ ಎಸ್‌ಎಸ್‌ಎಚ್ ಕೀ (ಪಾಸ್‌ವರ್ಡ್ ಬದಲು ಬಳಸೋ ಕೀಲಿ ಫೈಲು) ಸರ್ವರಲ್ಲಿ ಹಾಗೇ ಕೂತಿದ್ರೆ ಪಾಸ್‌ವರ್ಡ್ ಕೇಳದೇನೇ ಒಳಗೆ ಬಿಡಬಹುದು. ಅಕೌಂಟನ್ನೇ ಅವಧಿ ಮುಗಿದಿದ್ದು ಅಂತ ಮಾಡಿ, ಸಿಎಚ್‌ಏಜ್ ಕಮಾಂಡಲ್ಲಿ ದೊಡ್ಡ ಇ ಹಾಕಿ 0 ಕೊಟ್ರೆ ಆಯ್ತು, ಅವರ ಆಥರೈಸ್ಡ್ ಕೀಸ್ ಫೈಲನ್ನೂ ಬೇರೆ ಕಡೆ ಎತ್ತಿಡಿ. ಸಾಂಬಾ ಪಾಸ್‌ವರ್ಡ್ ಬೇರೆನೇ ಪಟ್ಟಿಲಿ ಇರತ್ತೆ, ಎಸ್‌ಎಂಬಿಪಾಸ್‌ಡಬ್ಲ್ಯೂಡಿ ಕಮಾಂಡಿಗೆ ಸಣ್ಣ ಡಿ ಹಾಕಿ ಅದನ್ನೂ ನಿಲ್ಲಿಸಿ. ಈಗಲೂ ಓಡ್ತಿರೋ ಅವರ ಪ್ರೋಸೆಸ್ ಇದ್ಯಾ, ಕ್ರಾನಲ್ಲಿ (ಹೊತ್ತಿಗೆ ಸರಿಯಾಗಿ ಕೆಲಸ ತಾನೇ ಓಡಿಸೋ ಪಟ್ಟಿ) ಏನಾದ್ರೂ ಹಾಕಿದಾರಾ ನೋಡಿ. ಆ ಲಾಗಿನ್ ಎಲ್ಲಿಂದ ಬಂದಿದ್ದು ಅನ್ನೋದನ್ನೂ ಲಾಗಲ್ಲಿ ನೋಡಿ, ಅವರ ಕೀ ಇಟ್ಕೊಂಡು ಓಡ್ತಿರೋ ನಿಮ್ಮದೇ ಆಫೀಸಿನ ಯಾವುದೋ ಬ್ಯಾಕಪ್ ಸ್ಕ್ರಿಪ್ಟ್ ಕೂಡ ಆಗಿರಬಹುದು, ನೋಡದೆ ಯಾರ ಮೇಲೂ ತಪ್ಪು ಹೊರಿಸ್ಬೇಡಿ.

ಡಿಲೀಟ್ ಬೇಡ ಅಂದಿದ್ದು ಯಾಕಂದ್ರೆ, ಲಿನಕ್ಸಲ್ಲಿ ಫೈಲಿನ ಮೇಲೆ ಬರೆದಿರೋದು ಹೆಸರಲ್ಲ, ಒಂದು ನಂಬರ್. ಅವರ ನಂಬರ್ 1012 ಇತ್ತು ಅಂದ್ಕೊಳ್ಳಿ, ಅಕೌಂಟ್ ಅಳಿಸಿದ್ರಿ, ಮುಂದಿನ ತಿಂಗಳು ಸೇರಿದ ಹೊಸಬರಿಗೆ ಅದೇ 1012 ಸಿಕ್ತು ಅಂದ್ರೆ ಹೋದವರ ಫೈಲುಗಳಿಗೆಲ್ಲ ಇವರು ಓನರ್, ಕೇಳದೇನೇ. ಮೊದಲು ಫೈಂಡ್ ಕಮಾಂಡಲ್ಲಿ ಅವರ ಹೆಸರಿನ ಫೈಲೆಲ್ಲ ಹುಡುಕಿ ಬೇರೆಯವರ ಹೆಸರಿಗೆ ಚೌನ್ ಮಾಡಿ. ಹಿಂದೆ ಈಗಾಗ್ಲೇ ಯಾರನ್ನಾದ್ರೂ ಡಿಲೀಟ್ ಮಾಡಿದ್ರೆ ಫೈಂಡಿಗೆ ನೋಯೂಸರ್ ಅಂತ ಕೊಟ್ಟು ನೋಡಿ, ಓನರ್ ಇಲ್ಲದ ಫೈಲುಗಳು ಒಂದಷ್ಟು ಸಿಗ್ತವೆ.